ಮುಖ್ಯಗುರುಗಳ ತರಬೇತಿ: ಎರಡನೇ ದಿನಕ್ಕಾಗಿ ಹೋಗಬಹುದು

ಕಲಬುರಗಿಯಲ್ಲಿ ಬೇಸಿಗೆ ರಜೆಯಲ್ಲಿ ಒಂದು ಸಂಸ್ಥೆ ಮುಖ್ಯಗುರುಗಳಿಗೆ ಮೂರು ದಿನದ ತರಬೇತಿ ನಡೆಸುತ್ತದೆ. ಶಿಕ್ಷಕರು ಹೊಸದೇನಾದರೂ ಮಾಡಿ ನೋಡುವಂತೆ ಶಾಲೆ ನಡೆಸುವುದು ಹೇಗೆ ಅನ್ನುವುದು ವಿಷಯ. ಶುಲ್ಕ ಇಲ್ಲ, ಬಸ್ ಖರ್ಚು ನಮ್ಮದೇ. ನಾನು ಚಿಂಚೋಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯಗುರು. ಹೋಗಬೇಕಾ ಬೇಡವಾ ಎಂದು ತುಂಬ ಜನ ಕೇಳುತ್ತಿದ್ದಾರೆ, ಅದಕ್ಕೇ ಇದು.

ಮೊದಲ ದಿನ ಬೇಸರ. ಸ್ಲೈಡಿನ ಮೇಲೆ ಸ್ಲೈಡು, ಅದರಲ್ಲಿ ಜಾಸ್ತಿ ಫಿನ್ಲೆಂಡಿನ ಶಾಲೆಗಳು. ಅಷ್ಟು ದೂರ ಯಾಕೆ ಹೋಗಬೇಕು? ಸಣ್ಣ ತರಗತಿಯ ಮಕ್ಕಳು ಚಿತ್ರದ ಕಾರ್ಡು ಹಿಡಿದು ಆಡುತ್ತಾ ಕಲಿಯುವ ನಮ್ಮದೇ ನಲಿ ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿದ್ದು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. ಮೇಲಿನವರು ಅವರನ್ನು ತಡೆಯಲಿಲ್ಲ. ಈಗ ಕಾರ್ಡುಗಳು ಅಚ್ಚಾಗಿ ಶಾಲೆಗೆ ಬರುತ್ತವೆ, ಒಂದು ಕಾರ್ಡು ಬದಲಿಸಲೂ ನಮ್ಮ ಶಿಕ್ಷಕರು ಹೆದರುತ್ತಾರೆ. ತರಬೇತಿ ಶುರುವಾಗಬೇಕಿದ್ದುದು ಈ ಹೆದರಿಕೆಯಿಂದ, ಅಲ್ವಾ?

ಎರಡನೇ ದಿನ ಬೀದರ್ ಕಡೆಯ ನಿವೃತ್ತ ಮುಖ್ಯಗುರು ಒಬ್ಬರು ಬಂದರು. ಕೈಯಲ್ಲಿ ಚಾಕ್‌ಪೀಸ್ ಬಿಟ್ಟರೆ ಏನೂ ಇಲ್ಲ. ವಾರದಲ್ಲಿ ನಿಮ್ಮ ಶಿಕ್ಷಕರಿಂದ ಏನೇನು ಬರೆಸುತ್ತೀರಿ, ಎಲ್ಲಾ ಹೇಳಿ ಅಂದರು. ಎಸ್‌ಎಟಿಎಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಮಾಹಿತಿ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಪಾಠ ಟಿಪ್ಪಣಿ, ವಾಟ್ಸಾಪ್ ಫೋಟೊ. ಬೋರ್ಡು ತುಂಬಿತು. ಆಮೇಲೆ, ಇದರಲ್ಲಿ ಯಾವ ಕಚೇರಿಯೂ ಕೇಳದೇ ಇರುವುದಕ್ಕೆ ಗೀಟು ಹಾಕಿ ಅಂದರು. ಅರ್ಧ ಬೋರ್ಡು ಗೀಟಿನಲ್ಲಿ ಮುಚ್ಚಿಹೋಯಿತು. ನಮ್ಮ ಶಾಲೆಯಲ್ಲಿ ಯಾವ ಕಾಲದಿಂದಲೋ ನಡೆದುಬಂದ ಎರಡನೇ ಟಿಪ್ಪಣಿ ಪುಸ್ತಕವೂ ಅದರಲ್ಲೇ ಹೋಯಿತು. ಹೊಸದನ್ನು ಮಾಡಿ ಎಂದು ಹೇಳುವ ಮೊದಲು ಅದಕ್ಕೆ ಪುರುಸೊತ್ತು ಕೊಡಿ ಅನ್ನುವುದನ್ನು ಯಾರೂ ಇಷ್ಟು ನೇರವಾಗಿ ತೋರಿಸಿರಲಿಲ್ಲ.

ಅವರು ಹೇಳಿಕೊಟ್ಟ ಇನ್ನೊಂದು ಕೆಲಸ ನನಗೆ ಇನ್ನೂ ಹಿಡಿಸಿತು. ತರಗತಿ ನೋಡಲು ಪೆನ್ನು, ಪುಸ್ತಕ ಇಲ್ಲದೆ ಹೋಗಿ ಹಿಂದೆ ಕೂರಬೇಕು. ಮುಗಿದ ಮೇಲೆ ತಪ್ಪು ಎಣಿಸಬಾರದು. ಮುಂದಿನ ವಾರ ಏನು ಬೇರೆ ಮಾಡಿ ನೋಡುತ್ತೀರಿ, ಅದಕ್ಕೆ ನನ್ನಿಂದ ಏನು ಬೇಕು, ಇಷ್ಟೇ ಕೇಳಬೇಕು.

ಜೂನ್‌ನಲ್ಲಿ ಹಾಗೇ ಕೇಳಿದೆ. ನಲಿ ಕಲಿ ಟೀಚರ್ ಮೊದಲು ಸುಮ್ನೆ ನಕ್ಕರು. ಅವರ ಕೋಣೆಯಲ್ಲಿ ತಾಂಡಾದ ಮಕ್ಕಳೇ ಜಾಸ್ತಿ, ಮನೆಯಲ್ಲಿ ಲಂಬಾಣಿ ಮಾತು. ಎರಡು ದಿನ ಬಿಟ್ಟು ಬಂದು, ಕಾರ್ಡಿನ ಚಿತ್ರದ ಕೆಳಗೆ ಕನ್ನಡದ ಜೊತೆ ಲಂಬಾಣಿ ಪದವನ್ನೂ ಬರೆಯಲಾ ಎಂದು ಕೇಳಿದರು. ಅಮ್ಮನಿಗೆ ಯಾಡಿ, ರೊಟ್ಟಿಗೆ ಬಾಟಿ. "ಆದ್ರ ಮೇಡಂ, ಆಫೀಸಿನವ್ರು ಬಂದು ಇದೇನ್ರೀ ಅಂದ್ರ?" "ಮುಖ್ಯಗುರು ಹೇಳ್ಯಾರ ಅನ್ರಿ" ಅಂದೆ. ಬರೀ ಬಾಯಿಮಾತು ಸಾಲದು ಅಂತ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿಯನ್ನೂ ಹಾಕಿದೆ. ಆ ಸಹಿ ನೋಡಿದ ಮೇಲೆ ಟೀಚರ್ ಕೈ ಓಡಿತು. ಬಾಯಿಯೇ ಬಿಡದ ಮಕ್ಕಳು ಈಗ ಎರಡೂ ಹೆಸರು ಕೂಗುತ್ತಾರೆ. ದೀಪಾವಳಿ ಆದಮೇಲೆ ಕೆಲವು ಮನೆಯವರು ಮುಂಬೈ, ಪುಣೆಗೆ ದುಡಿಯಲು ಹೋಗುವುದು ಇದರಿಂದ ನಿಲ್ಲುವುದಿಲ್ಲ, ಅದು ಬೇರೆ ಮಾತು.

ಗಣಿತದ ಸರ್ ತಕ್ಕಡಿ ಇಟ್ಟು ತೊಗರಿ ತೂಗುವ ಸಂತೆ ಮಾಡಿದರು. ಬರೀ ಗದ್ದಲ, ಭಾಗಾಕಾರ ಯಾರಿಗೂ ಬರಲಿಲ್ಲ. ಇಂಥ ಹೊತ್ತಿನಲ್ಲಿ ಮುಖ್ಯಗುರು ಏನು ಹೇಳಬೇಕು? ತರಬೇತಿಯಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಒಂದು ವರ್ಷದ ಮಟ್ಟಿಗೆ ಬರುವ ಅತಿಥಿ ಶಿಕ್ಷಕರ ಬಗ್ಗೆಯೂ ಇಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಶಾಲೆಗಳು ಅವರ ಮೇಲೇ ನಿಂತಿವೆ. ಈ ವರ್ಷ ಕಲಿತ ಹೊಸ ರೀತಿಯನ್ನು ಮುಂದಿನ ವರ್ಷ ಯಾರು ಮುಂದುವರಿಸಬೇಕು?

ಮೂರನೇ ದಿನ ಒಂದು ಫಾರಂ ತುಂಬಿಸಿ, ಅತ್ಯುತ್ತಮ ಹೊಸ ಪ್ರಯತ್ನಕ್ಕೆ ಬಹುಮಾನ ಎಂದು ಘೋಷಿಸಿದರು. ನನಗಂತೂ ಸರಿ ಕಾಣಲಿಲ್ಲ. ಬಹುಮಾನ ಅಂದಕೂಡಲೇ ಥರ್ಮಾಕೋಲ್ ಮಾದರಿಗಳು ಎದ್ದು ನಿಲ್ಲುತ್ತವೆ, ಫೋಟೊ ತೆಗೆದ ಮೇಲೆ ಬೀರುವಿನ ಮೇಲೆ ಧೂಳು ತಿನ್ನುತ್ತವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯಗುರುಗಳಿಗೂ ವರ್ಷಕ್ಕೆ 50 ಗಂಟೆ ತರಬೇತಿ ಬೇಕು ಅನ್ನುತ್ತದೆ. ಗಂಟೆ ತುಂಬಿಸುವುದೇ ಆದರೆ ಮೊದಲ ಮತ್ತು ಮೂರನೇ ದಿನ ಸಾಕು.

ವ್ಯವಸ್ಥೆಗೆ ದೂರಿಲ್ಲ. ಕೂಲರ್ ಇತ್ತು, ಬೇಸಿಗೆಯ ಕಲಬುರಗಿಯಲ್ಲಿ ಅದೇ ದೊಡ್ಡದು. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸಂಜೆ ಸುಸಲಾ, ಮಿರ್ಚಿ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಮೂರು ಎರಡನೇ ದಿನಕ್ಕೆ. ಕೇಳಿಕೊಂಡರೆ ಜೊತೆಗೆ ಒಬ್ಬ ಶಿಕ್ಷಕರನ್ನೂ ಬಿಡುತ್ತಾರೆ, ಖಂಡಿತ ಕರೆದುಕೊಂಡು ಹೋಗಿ. ನಿಮ್ಮ ಶಾಲೆಯ ರಿಜಿಸ್ಟರುಗಳ ಪಟ್ಟಿಯನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಎರಡನೇ ದಿನ ಬೆಳಿಗ್ಗೆ ಬೇಗ ಶುರು ಮಾಡುತ್ತಾರೆ, ಚಿಂಚೋಳಿ, ಸೇಡಂ ಕಡೆಯವರು ಹಿಂದಿನ ರಾತ್ರಿ ಕಲಬುರಗಿಯಲ್ಲೇ ಉಳಿಯುವುದು ಒಳ್ಳೆಯದು.