ಕಾರ್ನೆಲ್‌ನ ಗಿಟಾರ್, ವೆಡ್ಡರ್‌ನ ಯುಕುಲೇಲಿ: 2011ರ ಎರಡು ಒಂಟಿ ಆಲ್ಬಂಗಳ ಹೋಲಿಕೆ

ಸಿಯಾಟಲ್‌ನ ರಾಕ್ ಬ್ಯಾಂಡ್‌ಗಳನ್ನು ಇಷ್ಟಪಡುವವರ ನಡುವೆ ಒಂದು ವಾದ 2011ರಿಂದ ನಡೆಯುತ್ತಲೇ ಇದೆ. ಆ ವರ್ಷ ಮೇ 31ಕ್ಕೆ ಪರ್ಲ್ ಜಾಮ್‌ನ ಎಡ್ಡಿ ವೆಡ್ಡರ್ 'ಯುಕುಲೇಲಿ ಸಾಂಗ್ಸ್' ಬಿಡುಗಡೆ ಮಾಡಿದ. ನವೆಂಬರ್ 21ಕ್ಕೆ ಸೌಂಡ್‌ಗಾರ್ಡನ್‌ನ ಕ್ರಿಸ್ ಕಾರ್ನೆಲ್‌ನ 'ಸಾಂಗ್‌ಬುಕ್' ಬಂತು. ಒಂದರಲ್ಲಿ ಒಬ್ಬ ಮನುಷ್ಯ, ಒಂದು ಯುಕುಲೇಲಿ, ಅಂದರೆ ಗಿಟಾರ್‌ನ ಹಾಗಿರುವ ಚಿಕ್ಕ ವಾದ್ಯ. ಇನ್ನೊಂದರಲ್ಲಿ ಒಬ್ಬ ಮನುಷ್ಯ, ಒಂದು ಅಕೌಸ್ಟಿಕ್ ಗಿಟಾರ್. ಎರಡರಲ್ಲೂ 16 ಹಾಡು. ಯಾವುದು ಮೇಲು ಅನ್ನೋದೇ ವಾದ.

ವಾದ ಇಷ್ಟು ಕಾವೇರುವುದಕ್ಕೆ ಹಳೆಯ ನಂಟೂ ಕಾರಣ. 1990ರ ಮಾರ್ಚ್‌ನಲ್ಲಿ ಮದರ್ ಲವ್ ಬೋನ್ ಬ್ಯಾಂಡ್‌ನ ಹಾಡುಗಾರ ಆ್ಯಂಡ್ರ್ಯೂ ವುಡ್ ತೀರಿಕೊಂಡ. ಅವನು ಕಾರ್ನೆಲ್ ಜೊತೆ ಒಂದೇ ಮನೆಯಲ್ಲಿದ್ದವನು. ಅವನ ನೆನಪಿಗೆ ಕಾರ್ನೆಲ್ ಕಟ್ಟಿದ ಬ್ಯಾಂಡ್ 'ಟೆಂಪಲ್ ಆಫ್ ದ ಡಾಗ್'. 1991ರಲ್ಲಿ ಬಂದ ಅದರ ಆಲ್ಬಂನಲ್ಲಿ 'ಹಂಗರ್ ಸ್ಟ್ರೈಕ್' ಹಾಡನ್ನು ಕಾರ್ನೆಲ್, ವೆಡ್ಡರ್ ಇಬ್ಬರೂ ಸೇರಿ ಹಾಡಿದರು. ಕೆಳಗಿನ ಸ್ವರ ವೆಡ್ಡರ್‌ದು, ಮೇಲಿನದು ಕಾರ್ನೆಲ್‌ದು. ವೆಡ್ಡರ್ ಆಗ ಊರಿಗೆ ಹೊಸಬ. 20 ವರ್ಷ ಕಳೆದ ಮೇಲೆ ಅದೇ ಇಬ್ಬರು, ಒಂದೇ ವರ್ಷದಲ್ಲಿ, ಬೇರೆ ಬೇರೆಯಾಗಿ, ಒಂಟಿಯಾಗಿ ಬಂದು ನಿಂತರು. ಹೋಲಿಸದೆ ಇರೋದು ಹೇಗೆ?

ಕಾರ್ನೆಲ್ ಕಡೆಯವರು ಹೇಳುವುದು ಇಷ್ಟು: ಆ ದನಿಯ ಮುಂದೆ ಬೇರೆ ಯಾರೂ ಇಲ್ಲ, ಯುಕುಲೇಲಿ ಆಲ್ಬಂ ಒಬ್ಬ ದೊಡ್ಡ ಹಾಡುಗಾರ ಬಿಡುವಿನಲ್ಲಿ ಮಾಡಿದ ಕೆಲಸ. ವೆಡ್ಡರ್ ಕಡೆಯವರ ಉತ್ತರವೂ ಸಿದ್ಧವಾಗಿರುತ್ತದೆ: ಸಾಂಗ್‌ಬುಕ್‌ನಲ್ಲಿ ಹೆಚ್ಚಿನವು ಹಳೆಯ ಹಾಡುಗಳು, ಗಂಟಲಿನ ಶಕ್ತಿ ತೋರಿಸುವುದೇ ಜಾಸ್ತಿ.

ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದೆ. ಹೆಡ್‌ಫೋನ್‌ನಲ್ಲಿ, ಮನೆಯ ಚಿಕ್ಕ ಸ್ಪೀಕರ್‌ನಲ್ಲಿ, ಅಡುಗೆ ಮಾಡುತ್ತಾ ಫೋನ್‌ನಲ್ಲಿ. ಹಾಡಿಗೆ ಬ್ಯಾಂಡ್ ರೂಪ ಇದ್ದರೆ ಮೊದಲು ಅದು, ಆಮೇಲೆ ಒಂಟಿ ರೂಪ. ಕೆಲವನ್ನು ಗಿಟಾರ್ ಹಿಡಿದು ಬಾರಿಸಿಯೂ ನೋಡಿದೆ. ಕೇಳುತ್ತಾ ಹೋದ ಹಾಗೆ, ಯಾರ ದನಿ ದೊಡ್ಡದು ಅನ್ನುವ ಪ್ರಶ್ನೆ ಹಿಂದೆ ಸರಿಯಿತು. ಡ್ರಮ್ಸ್, ಬೇಸ್, ಎಲೆಕ್ಟ್ರಿಕ್ ಗಿಟಾರ್ ಎಲ್ಲ ಎದ್ದು ಹೋದ ಮೇಲೆ ಹಾಡಿನಲ್ಲಿ ತುಂಬಾ ಜಾಗ ಖಾಲಿಯಾಗುತ್ತದೆ. ಆ ಜಾಗದಲ್ಲಿ ಹಾಡುಗಾರ ಏನು ಇಡುತ್ತಾನೆ? ನನಗೆ ಎರಡೂ ಆಲ್ಬಂಗಳ ನಿಜವಾದ ವ್ಯತ್ಯಾಸ ಕಂಡಿದ್ದು ಅಲ್ಲಿ.

ಸಾಂಗ್‌ಬುಕ್ ಒಂದು ಲೈವ್ ಆಲ್ಬಂ. 2011ರ ವಸಂತದಲ್ಲಿ ಕಾರ್ನೆಲ್ ಅಮೆರಿಕ, ಕೆನಡಾಗಳ ಸಭಾಂಗಣಗಳಲ್ಲಿ ಒಬ್ಬನೇ ಕೂತು ಹಾಡಿದ ಕಛೇರಿಗಳಿಂದ ಆರಿಸಿ ಮಾಡಿದ್ದು. ಸೌಂಡ್‌ಗಾರ್ಡನ್, ಅವನ ಇನ್ನೊಂದು ಬ್ಯಾಂಡ್ ಆಡಿಯೋಸ್ಲೇವ್, ಟೆಂಪಲ್ ಆಫ್ ದ ಡಾಗ್, ಸ್ವಂತ ಆಲ್ಬಂಗಳು, ಎಲ್ಲದರಿಂದಲೂ ಹಾಡುಗಳಿವೆ. ಇದಕ್ಕೂ ಮೊದಲು 2009ರಲ್ಲಿ ಅವನು ಹಿಪ್‌ಹಾಪ್ ನಿರ್ಮಾಪಕ ಟಿಂಬಲ್ಯಾಂಡ್ ಜೊತೆ ಸೇರಿ 'ಸ್ಕ್ರೀಮ್' ಮಾಡಿದ್ದ. ಪೂರ್ತಿ ಯಂತ್ರದ ತಾಳ, ಪಾಪ್ ಸದ್ದು. ಹಳೆಯ ಅಭಿಮಾನಿಗಳಲ್ಲಿ ಬಹಳ ಜನ ಅದನ್ನು ಕ್ಷಮಿಸಲೇ ಇಲ್ಲ. ಅದೇ ಆಲ್ಬಂನ 'ಗ್ರೌಂಡ್ ಝೀರೋ' ಸಾಂಗ್‌ಬುಕ್‌ನಲ್ಲಿ ಬರೀ ಗಿಟಾರ್ ಜೊತೆ ಬರುತ್ತದೆ. ಇದನ್ನು ದಯವಿಟ್ಟು ಎರಡೂ ರೂಪದಲ್ಲಿ ಕೇಳಿ. ಹಾಡು ಮೊದಲಿನಿಂದಲೂ ಗಟ್ಟಿಯಾಗಿಯೇ ಇತ್ತು, ಮೇಲಿನ ಸದ್ದಿನ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು ಅನ್ನೋದು ತಕ್ಷಣ ಗೊತ್ತಾಗುತ್ತದೆ.

ಹೆಚ್ಚು ಜನ ಹೊಗಳುವುದು 'ಬ್ಲ್ಯಾಕ್ ಹೋಲ್ ಸನ್' ಹಾಡನ್ನು. 1994ರ 'ಸೂಪರ್‌ಅನ್‌ನೋನ್' ಆಲ್ಬಂನಲ್ಲಿ ಇದರ ಗಿಟಾರ್ ಲೆಸ್ಲಿ ಅನ್ನುವ ತಿರುಗುವ ಸ್ಪೀಕರ್ ಮೂಲಕ ಸುತ್ತುತ್ತಾ ಬರುತ್ತದೆ, ತಲೆ ತಿರುಗಿದ ಹಾಗೆ ಆಗುತ್ತದೆ. ಒಂಟಿ ರೂಪದಲ್ಲಿ ಆ ಸುತ್ತು ಇಲ್ಲ. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ ಇದನ್ನು ಬಾರಿಸಲು ಕೂತರೆ ಬೆರಳುಗಳು ಹೋಗುವ ಜಾಗಗಳೇ ವಿಚಿತ್ರ ಅನ್ನಿಸುತ್ತವೆ. ಇಷ್ಟು ಜನಪ್ರಿಯವಾದ ಹಾಡಿನ ಒಳಗೆ ಇಷ್ಟು ಅಂಕುಡೊಂಕಾದ ದಾರಿ ಇದೆ ಅಂತ ಬಾರಿಸದೆ ನನಗೆ ತಿಳಿಯುತ್ತಿರಲಿಲ್ಲ. ಹಾಗಿದ್ದೂ ಈ ಆಲ್ಬಂನ ಶಿಖರ ಇದಲ್ಲ ಅನ್ನೋದು ನನ್ನ ಅಭಿಪ್ರಾಯ.

ಶಿಖರ 'ವೈಡ್ ಅವೇಕ್'. 2005ರಲ್ಲಿ ಅಮೆರಿಕಕ್ಕೆ ಬಡಿದ ಕತ್ರಿನಾ ಚಂಡಮಾರುತದಲ್ಲಿ ಜನರನ್ನು ನಡುನೀರಿನಲ್ಲಿ ಬಿಟ್ಟ ಆಡಳಿತದ ಮೇಲಿನ ಕೋಪದ ಹಾಡು. 2006ರ ಆಡಿಯೋಸ್ಲೇವ್ ಆಲ್ಬಂನಲ್ಲಿ ಇದು ಚೆನ್ನಾಗಿಯೇ ಇತ್ತು, ಆದರೆ ಬೇರೆ ಹಾಡುಗಳ ನಡುವೆ ಕಳೆದುಹೋಗುತ್ತಿತ್ತು. ಬ್ಯಾಂಡ್ ಇದ್ದಾಗ ಕೋಪ ಎಲ್ಲರ ನಡುವೆ ಹಂಚಿಹೋಗುತ್ತದೆ. ಇಲ್ಲಿ ಹಂಚಿಕೊಳ್ಳಲು ಯಾರೂ ಇಲ್ಲ. ಇಡೀ ಭಾರ ಒಂದೇ ಗಂಟಲಿನ ಮೇಲೆ. ಚರಣಗಳನ್ನು ತಗ್ಗಿದ ದನಿಯಲ್ಲಿ ತಡೆದು ಹಿಡಿದು, ಪಲ್ಲವಿಗೆ ಬಂದಾಗ ಅವನು ದನಿ ಎತ್ತುವ ರೀತಿಯಲ್ಲಿ ಪ್ರದರ್ಶನ ಇಲ್ಲ. ಹೇಳಲೇಬೇಕಾದ ಮಾತು ಇದೆ, ಅಷ್ಟೇ. ಗಂಟಲಿನ ಶಕ್ತಿ ತೋರಿಸುತ್ತಾನೆ ಅನ್ನುವ ವೆಡ್ಡರ್ ಅಭಿಮಾನಿಗಳಿಗೆ ನಾನು ಕೇಳಿಸುವುದು ಇದೇ ಹಾಡು.

'ಲೈಕ್ ಎ ಸ್ಟೋನ್' ಕೂಡ ಹಾಗೇ. ಮೂಲದಲ್ಲಿ ಆಡಿಯೋಸ್ಲೇವ್‌ನ ಟಾಮ್ ಮೊರೆಲ್ಲೋನ ಗಿಟಾರ್ ಸೋಲೋ ಎಲ್ಲರಿಗೂ ನೆನಪಿರುವ ಭಾಗ. ಅದನ್ನು ತೆಗೆದರೆ ಹಾಡು ನಿಲ್ಲುತ್ತದಾ ಅನ್ನುವ ಅನುಮಾನ ನನಗಿತ್ತು. ನಿಲ್ಲುತ್ತದೆ. ಒಬ್ಬ ಮನುಷ್ಯ ಒಂಟಿಯಾಗಿ ಕಾಯುವ ಹಾಡು ಅದು. ಒಬ್ಬನೇ ಹಾಡಿದಾಗ ಸಾಹಿತ್ಯಕ್ಕೂ ಸದ್ದಿಗೂ ಹೊಂದಾಣಿಕೆ ಇನ್ನೂ ಜಾಸ್ತಿ ಆಗುತ್ತದೆ. 'ಫೆಲ್ ಆನ್ ಬ್ಲ್ಯಾಕ್ ಡೇಸ್' ಆರು ಎಣಿಕೆಯ ಹಾಡು. ಡ್ರಮ್ಸ್ ಇಲ್ಲದಿದ್ದರೂ ಆ ಆರರ ನಡಿಗೆಯನ್ನು ಬಲಗೈಯಲ್ಲೇ ಹಿಡಿದು ನಡೆಸುತ್ತಾನೆ. ಕಾರ್ನೆಲ್‌ನ ದನಿಯ ಬಗ್ಗೆ ಮಾತಾಡುವವರು ಅವನ ಲಯದ ಬಗ್ಗೆ ಮಾತಾಡೋದೇ ಕಡಿಮೆ. ಸೌಂಡ್‌ಗಾರ್ಡನ್‌ನ ಮೊದಲ ದಿನಗಳಲ್ಲಿ ಅವನೇ ಡ್ರಮ್ಸ್ ಬಾರಿಸುತ್ತಾ ಹಾಡುತ್ತಿದ್ದ. ಅದು ಇಲ್ಲಿ ಕೇಳಿಸುತ್ತದೆ.

ಕೊರತೆಗಳೂ ಇವೆ. ಆಲ್ಬಂ ಒಂದು ಗಂಟೆಗೂ ಜಾಸ್ತಿ. ಒಂದೇ ಗತಿಯ ಹಾಡುಗಳು ಸಾಲಾಗಿ ಬಂದಾಗ ಗಮನ ಜಾರುತ್ತದೆ. ಲೆನನ್‌ನ 'ಇಮ್ಯಾಜಿನ್' ನನಗೆ ಬೇಕಿರಲಿಲ್ಲ. ಅಷ್ಟು ಸರಳವಾದ ಹಾಡಿಗೆ ಅಷ್ಟು ದೊಡ್ಡ ದನಿ ಹೊಂದುವುದಿಲ್ಲ. ಲೆಡ್ ಝೆಪ್ಪೆಲಿನ್‌ನ 'ಥ್ಯಾಂಕ್ ಯೂ' ಮಾತ್ರ ಅವನಿಗಾಗಿಯೇ ಬರೆದ ಹಾಗಿದೆ. ಕೊನೆಯ 'ದ ಕೀಪರ್' ಸಿನಿಮಾಕ್ಕೆ ಮಾಡಿದ ಸ್ಟುಡಿಯೋ ಹಾಡು. ಸಭೆಯ ಸದ್ದು ಮುಗಿದ ಮೇಲೆ ಅದು ಬೇರೆ ಆಲ್ಬಂನಿಂದ ಬಂದ ಹಾಗೆ ಕೇಳಿಸುತ್ತದೆ.

ಈಗ ಯುಕುಲೇಲಿ ಸಾಂಗ್ಸ್. ಸುಮಾರು 35 ನಿಮಿಷ, ಅಷ್ಟೇ. ನಾಲ್ಕು ತಂತಿಯ ಚಿಕ್ಕ ವಾದ್ಯ, ಕೆಳಸ್ವರಗಳೇ ಇಲ್ಲ. ವೆಡ್ಡರ್‌ದು ಆಳದ ದನಿ. ಹಾಗಾಗಿ ಗಿಟಾರ್ ಹಿಡಿದ ಹಾಡುಗಾರರಿಗೆ ಸಿಗದ ಒಂದು ಅನುಕೂಲ ಇವನಿಗಿದೆ: ದನಿ ಕೆಳಗೆ, ವಾದ್ಯ ಮೇಲೆ, ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ನಡುವಿನ ಜಾಗವನ್ನು ಅವನು ತುಂಬಲು ಹೋಗುವುದೇ ಇಲ್ಲ. ಹಾಗೇ ಬಿಡುತ್ತಾನೆ. ಫೋನ್‌ನ ಪುಟ್ಟ ಸ್ಪೀಕರ್‌ನಲ್ಲೂ ಈ ಆಲ್ಬಂ ಚೆನ್ನಾಗಿ ಕೇಳಿಸಿದ್ದು ಅದಕ್ಕೇ ಇರಬೇಕು. ಸಾಂಗ್‌ಬುಕ್‌ಗೆ ಆ ಸ್ಪೀಕರ್ ಸಾಲುವುದಿಲ್ಲ. ಕಾರ್ನೆಲ್ ಪಿಸುಗುಟ್ಟಿದ್ದು ಕೇಳಿಸುವುದಿಲ್ಲ, ಕೂಗಿದ್ದು ಒಡೆಯುತ್ತದೆ.

ಮೊದಲ ಹಾಡು 'ಕಾಂಟ್ ಕೀಪ್' ಪರ್ಲ್ ಜಾಮ್‌ನ 2002ರ ಆಲ್ಬಂನಿಂದ ಬಂದದ್ದು. ಇದೊಂದು ಹಾಡಿನಲ್ಲಿ ಯುಕುಲೇಲಿ ಬ್ಯಾಂಡ್ ಅನ್ನೇ ಸೋಲಿಸುತ್ತದೆ. ತಂತಿಗಳನ್ನು ಅಷ್ಟು ಜೋರಾಗಿ ಬಾರಿಸುತ್ತಾನೆ. ಅದೇ ಕಾವು ಆಲ್ಬಂ ಪೂರ್ತಿ ಇದ್ದಿದ್ದರೆ ನನ್ನ ತೀರ್ಪೇ ಬೇರೆ ಇರುತ್ತಿತ್ತು. ಆಮೇಲೆ ಬರುವವು ಹೆಚ್ಚಾಗಿ ಅಗಲಿಕೆಯ ಹಾಡುಗಳು. ಮೆತ್ತಗೆ, ಚಿಕ್ಕದಾಗಿ, ಒಂದರ ಹಿಂದೆ ಒಂದು. 'ಲಾಂಗಿಂಗ್ ಟು ಬಿಲಾಂಗ್' ಹಾಡಿಗೆ ಚೆಲ್ಲೋ ಸೇರಿದಾಗ ಕಿವಿ ಮತ್ತೆ ಎಚ್ಚರವಾಗುತ್ತದೆ. ಹಾಡುಗಾರ ಗ್ಲೆನ್ ಹ್ಯಾನ್ಸಾರ್ಡ್ ಜೊತೆಗಿನ 'ಸ್ಲೀಪ್‌ಲೆಸ್ ನೈಟ್ಸ್', ಹಾಡುಗಾರ್ತಿ ಕ್ಯಾಟ್ ಪವರ್ ಜೊತೆಗಿನ 'ಟುನೈಟ್ ಯೂ ಬಿಲಾಂಗ್ ಟು ಮಿ', ಎರಡೂ ಹಳೆಯ ಹಾಡುಗಳು, ಎರಡೂ ಚೆಂದ. ಆದರೆ ಯೋಚಿಸಿ ನೋಡಿ: ಒಂಟಿ ಆಲ್ಬಂನಲ್ಲಿ ನನಗೆ ಇಷ್ಟವಾದ ಹಾಡುಗಳಲ್ಲಿ ಎರಡರಲ್ಲಿ ಇನ್ನೊಂದು ದನಿ ಇದೆ.

ಬಿಡುವಿನ ಕೆಲಸ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ವೆಡ್ಡರ್ 2000ದ ಪರ್ಲ್ ಜಾಮ್ ಆಲ್ಬಂನಲ್ಲೇ ಯುಕುಲೇಲಿ ಹಾಡು ಹಾಡಿದ್ದ. ವರ್ಷಗಟ್ಟಲೆ ಆ ವಾದ್ಯದ ಜೊತೆ ಬದುಕಿದವನ ಆಲ್ಬಂ ಇದು. ಗ್ರ್ಯಾಮಿಯಲ್ಲಿ ಅತ್ಯುತ್ತಮ ಫೋಕ್ ಆಲ್ಬಂ ವಿಭಾಗಕ್ಕೆ ನಾಮನಿರ್ದೇಶನವೂ ಆಗಿತ್ತು. ಇಲ್ಲಿನ 'ಸ್ಲೀಪಿಂಗ್ ಬೈ ಮೈಸೆಲ್ಫ್' ಹಾಡನ್ನು ಪರ್ಲ್ ಜಾಮ್ 2013ರಲ್ಲಿ ಪೂರ್ತಿ ಬ್ಯಾಂಡ್ ಜೊತೆ ಮತ್ತೆ ಮಾಡಿತು. ಎರಡನ್ನೂ ಕೇಳಿದರೆ ಯುಕುಲೇಲಿಯದೇ ಮೇಲು. ತತ್ವಪದವನ್ನು ಒಂದು ಏಕತಾರಿಯ ಜೊತೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಲೈವ್ ಆಲ್ಬಂ ಒಂದು ಕಡೆ, ಸ್ಟುಡಿಯೋ ಆಲ್ಬಂ ಇನ್ನೊಂದು ಕಡೆ ಇಟ್ಟರೆ ತೂಕ ಸರಿ ಬರುವುದಿಲ್ಲ ಅನ್ನುವವರ ಮಾತಿನಲ್ಲಿ ನ್ಯಾಯ ಇದೆ. ಅದಕ್ಕೆ ದಾರಿಯೂ ಇದೆ. ಯುಕುಲೇಲಿ ಸಾಂಗ್ಸ್ ಬಂದ ದಿನವೇ ವೆಡ್ಡರ್‌ನ 'ವಾಟರ್ ಆನ್ ದ ರೋಡ್' ಡಿವಿಡಿ ಕೂಡ ಬಂತು. 2008ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಯ ವಾರ್ನರ್ ಥಿಯೇಟರ್‌ನಲ್ಲಿ ಒಬ್ಬನೇ ಹಾಡಿದ ಕಛೇರಿಗಳ ಚಿತ್ರೀಕರಣ. ಸಾಂಗ್‌ಬುಕ್‌ಗೆ ಸರಿಯಾದ ಜೋಡಿ ಇದು. ಇದರಲ್ಲಿ 'ಆರ್ಕ್' ಅನ್ನುವ, ಮಾತೇ ಇಲ್ಲದ ಹಾಡಿದೆ. 2000ದಲ್ಲಿ ಡೆನ್ಮಾರ್ಕ್‌ನ ರಾಸ್ಕಿಲ್ಡ ಉತ್ಸವದಲ್ಲಿ ಪರ್ಲ್ ಜಾಮ್ ಹಾಡುತ್ತಿದ್ದಾಗ ಜನದಟ್ಟಣೆಯಲ್ಲಿ ಸತ್ತ ಒಂಬತ್ತು ಮಂದಿಯ ನೆನಪಿನದು. ತನ್ನ ದನಿಯ ಮೇಲೆ ತನ್ನದೇ ದನಿಯನ್ನು ಪದರ ಪದರವಾಗಿ ಹಾಕುತ್ತಾ ಹೋಗುತ್ತಾನೆ. ಇಲ್ಲಿ ಮಾತ್ರ ವೆಡ್ಡರ್ ಖಾಲಿ ಜಾಗವನ್ನು ತುಂಬುತ್ತಾನೆ. ಈ ಡಿವಿಡಿ ನೋಡದೆ ಯುಕುಲೇಲಿ ಆಲ್ಬಂ ಒಂದರಿಂದಲೇ ಅವನನ್ನು ಅಳೆಯುವವರು ಅವನಿಗೆ ಅನ್ಯಾಯ ಮಾಡುತ್ತಾರೆ.

ಕಾರ್ನೆಲ್ ಕಡೆಗೂ ಆಲ್ಬಂನಲ್ಲಿ ಸಿಗದ ಒಂದು ಸಂಗತಿ ಇದೆ. ಅವನ 1999ರ ಮೊದಲ ಸ್ವಂತ ಆಲ್ಬಂನ 'ವೆನ್ ಐಯಾಮ್ ಡೌನ್' ಹಾಡಿಗೆ ಪಿಯಾನೋ ನುಡಿಸಿದ್ದು ನಟಾಶಾ ಷ್ನೈಡರ್. ಅವಳು 2008ರಲ್ಲಿ ತೀರಿಕೊಂಡಳು. ಒಂಟಿ ಕಛೇರಿಗಳಲ್ಲಿ ಕಾರ್ನೆಲ್ ಅವಳ ಪಿಯಾನೋ ಭಾಗದ ರೆಕಾರ್ಡನ್ನು ವೇದಿಕೆಯ ಮೇಲೆ ಟರ್ನ್‌ಟೇಬಲ್‌ಗೆ ಹಾಕಿ, ಅದರ ಜೊತೆ ಹಾಡುತ್ತಿದ್ದ. ಬೇರೆ ಪಿಯಾನೋ ವಾದಕರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ.

ಕಾರ್ನೆಲ್‌ನ 2015ರ ಆಲ್ಬಂ 'ಹೈಯರ್ ಟ್ರೂತ್' ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಸೂಪರ್‌ಅನ್‌ನೋನ್ ಆಲ್ಬಂ ಮಿಕ್ಸ್ ಮಾಡಿದ ಬ್ರೆಂಡನ್ ಓಬ್ರಿಯನ್ ಇದರ ನಿರ್ಮಾಪಕ. ಹಾಡುಗಳು ಅಚ್ಚುಕಟ್ಟು, ಅಕೌಸ್ಟಿಕ್ ಸ್ವಭಾವದವು. ಆದರೆ ಡ್ರಮ್ಸ್, ಕೀಬೋರ್ಡ್ ಮತ್ತೆ ಒಳಗೆ ಬಂದಿವೆ. ಸಾಂಗ್‌ಬುಕ್‌ನ ಆ ಬರಿಯ ಜಾಗ ಇಲ್ಲಿಲ್ಲ.

2017ರ ಮೇ 17ರ ರಾತ್ರಿ ಡೆಟ್ರಾಯಿಟ್‌ನಲ್ಲಿ ಸೌಂಡ್‌ಗಾರ್ಡನ್ ಜೊತೆ ಹಾಡಿದ ಕಾರ್ನೆಲ್ ಬೆಳಗಾಗುವಷ್ಟರಲ್ಲಿ ಇರಲಿಲ್ಲ. 52 ವರ್ಷ. ಅಲ್ಲಿಂದೀಚೆಗೆ ಬಹಳ ಅಭಿಮಾನಿಗಳು ಸಾಂಗ್‌ಬುಕ್ ಅನ್ನು ಶೋಕಗೀತೆಗಳ ಸಂಗ್ರಹದ ಹಾಗೆ ಕೇಳುತ್ತಾರೆ. ಆ ನೋವು ನನಗೂ ಇದೆ. ಆದರೂ ಹಾಗೆ ಕೇಳಬೇಡಿ ಅಂತಲೇ ಹೇಳುತ್ತೇನೆ. ಈ ಧ್ವನಿಮುದ್ರಣದಲ್ಲಿ ಇರುವವನು ತನ್ನ ಕೆಲಸ ಚೆನ್ನಾಗಿ ಗೊತ್ತಿರುವ, ಅದನ್ನು ಖುಷಿಯಿಂದ ಮಾಡುತ್ತಿರುವ ಹಾಡುಗಾರ. ಅವನು ಹೇಗೆ ಹೋದ ಅನ್ನೋದನ್ನು ಇದರ ಮೇಲೆ ಹೊರಿಸಿದರೆ ಆ ಖುಷಿ ಕೇಳಿಸದೆ ಹೋಗುತ್ತದೆ.

ಇಬ್ಬರಲ್ಲಿ ಒಬ್ಬರನ್ನೂ ಕೇಳದವರು ಸಾಂಗ್‌ಬುಕ್‌ನಿಂದ ಶುರು ಮಾಡಿ. 16 ಹಾಡೂ ಒಟ್ಟಿಗೆ ಬೇಡ. 'ವೈಡ್ ಅವೇಕ್', 'ಲೈಕ್ ಎ ಸ್ಟೋನ್', 'ಫೆಲ್ ಆನ್ ಬ್ಲ್ಯಾಕ್ ಡೇಸ್', 'ಥ್ಯಾಂಕ್ ಯೂ' ಮೊದಲು ಕೇಳಿ, ಒಳ್ಳೆಯ ಹೆಡ್‌ಫೋನ್‌ನಲ್ಲಿ. ಯುಕುಲೇಲಿ ಸಾಂಗ್ಸ್ ಅನ್ನು ಮಾತ್ರ ಪೂರ್ತಿ ಒಂದೇ ಸಲ ಕೇಳಿ, ಬಿಡಿಬಿಡಿಯಾಗಿ ಅದು ನಿಲ್ಲುವುದಿಲ್ಲ. ಎರಡರಲ್ಲಿ ಒಂದು ಅಂದರೆ ನನ್ನ ಆಯ್ಕೆ ಸಾಂಗ್‌ಬುಕ್, ಅನುಮಾನವೇ ಇಲ್ಲ. ಆದರೆ ವೆಡ್ಡರ್ ಕಡೆಯವರು ಯುಕುಲೇಲಿ ಬದಿಗಿಟ್ಟು 2007ರ 'ಇನ್‌ಟು ದ ವೈಲ್ಡ್' ಸಿನಿಮಾದ ಹಾಡುಗಳನ್ನು ತಂದರೆ ಕಥೆ ಬೇರೆ. ಅದರ 'ಗ್ಯಾರಂಟೀಡ್' ಹಾಡಿನಲ್ಲಿ ಬೆರಳಿನಲ್ಲಿ ಮೀಟಿದ ಗಿಟಾರ್ ಇದೆ, ತಗ್ಗಿದ ದನಿ ಇದೆ, ಬೇರೆ ಏನೂ ಇಲ್ಲ. ಗೋಲ್ಡನ್ ಗ್ಲೋಬ್ ಗೆದ್ದ ಹಾಡು ಅದು. ಅದನ್ನು 'ವೈಡ್ ಅವೇಕ್' ಪಕ್ಕದಲ್ಲಿ ಇಟ್ಟು ಯಾವುದು ಅಂತ ಕೇಳಿದರೆ ನಾನು ಇನ್ನೊಂದು ಸಲ ಎರಡನ್ನೂ ಕೇಳಿಯೇ ಉತ್ತರ ಕೊಡಬೇಕಾಗುತ್ತದೆ.