ದೋಣಿಯೋ, ಏರಿಯೋ, ಕಿಂಡಿಯೋ? ಮಕ್ಕಳ ಜೊತೆ ಪಕ್ಷಿಧಾಮ ನೋಡಿದ ಮೂರು ಬಗೆ

ಮೂರು ವರ್ಷದಿಂದ ನಮ್ಮ ಏಳನೇ ತರಗತಿಯ ಮಕ್ಕಳನ್ನು ಒಂದೇ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ನೀರು ಅದೇ, ಹಕ್ಕಿಗಳೂ ಹೆಚ್ಚುಕಡಿಮೆ ಅವೇ. ನೋಡಿದ ಬಗೆ ಮಾತ್ರ ಬೇರೆ ಬೇರೆ. ಮೊದಲ ವರ್ಷ ದೋಣಿಯಲ್ಲಿ, ಎರಡನೇ ವರ್ಷ ಏರಿಯ ಮೇಲೆ ನಡೆದುಕೊಂಡು, ಮೂರನೇ ವರ್ಷ ನೀರಿನಂಚಿನ ಮರದ ಗುಡಿಸಲಲ್ಲಿ ಕೂತು ಕಿಂಡಿಯಿಂದ. ಹಕ್ಕಿ ನೋಡುವವರು ಈ ಗುಡಿಸಲಿಗೆ ಹೈಡ್ ಎನ್ನುತ್ತಾರೆ. ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಯೋಚಿಸದೆ ಗುಡಿಸಲನ್ನೇ ಆರಿಸುತ್ತೇನೆ.

ಮಕ್ಕಳ ಆಸೆಯೆಲ್ಲ ದೋಣಿಯ ಮೇಲೆ. ದೋಣಿಗೆ ದೊಡ್ಡ ಗುಣವೊಂದು ಇರುವುದೂ ನಿಜ. ದಡದಲ್ಲಿ ಎದ್ದು ನಿಂತ ಮನುಷ್ಯನನ್ನು ಕಂಡರೆ ಹಾರಿಹೋಗುವ ಹಕ್ಕಿ, ಮೆಲ್ಲಗೆ ಹುಟ್ಟು ಹಾಕುತ್ತ ಬರುವ ದೋಣಿಗೆ ಅಷ್ಟು ಬೆದರುವುದಿಲ್ಲ. ಕೊರಡಿನ ಮೇಲೆ ರೆಕ್ಕೆ ಬಿಚ್ಚಿ ನಿಂತಿದ್ದ ನೀರುಕಾಗೆಯನ್ನು ಗರಿಯಿಂದ ಹನಿ ತೊಟ್ಟಿಕ್ಕುವುದು ಕಾಣುವಷ್ಟು ಹತ್ತಿರದಿಂದ ನೋಡಿದೆವು. ಅದರ ಗರಿಗಳ ಹೊರ ಅಂಚು ನೆನೆಯುತ್ತದೆ. ಮೈ ತೇಲುವುದು ಕಡಿಮೆಯಾಗಿ ಮೀನಿನ ಹಿಂದೆ ಮುಳುಗುವುದು ಸುಲಭವಾಗುತ್ತದೆ. ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಬೇಕು. ಇದನ್ನು ಪಾಠದಲ್ಲಿ ಎಷ್ಟು ಸಲ ಹೇಳಿದರೂ ಆ ಹನಿಗಳಷ್ಟು ಚೆನ್ನಾಗಿ ಹೇಳಲು ನನ್ನಿಂದಾಗದು.

ಆದರೆ ಲೆಕ್ಕ ಹಾಕಿ ನೋಡಿ. ನಾವಿದ್ದದ್ದು 42 ಮಕ್ಕಳು, ಒಂದು ದೋಣಿಗೆ 10 ಮಕ್ಕಳು, ಐದು ಸುತ್ತು. ಒಂದು ಸುತ್ತಿಗೆ 20 ನಿಮಿಷ, ಲೈಫ್ ಜಾಕೆಟ್ ಕಟ್ಟಿ ಬಿಚ್ಚುವುದಕ್ಕೆ ಇನ್ನೂ 10. ಎರಡೂವರೆ ಗಂಟೆಯಲ್ಲಿ ಒಂದೊಂದು ಮಗುವಿಗೂ ಹಕ್ಕಿ ನೋಡಲು ಸಿಕ್ಕಿದ್ದು 20 ನಿಮಿಷ. ಉಳಿದದ್ದೆಲ್ಲ ದಡದಲ್ಲಿ ಕಾಯುವುದೇ. ಆ 20 ನಿಮಿಷದಲ್ಲೂ ಮಗುವಿನ ಕಣ್ಣು ಒಂದು ಹಕ್ಕಿಯ ಮೇಲೆ ನೆಡುವಷ್ಟರಲ್ಲಿ ದೋಣಿ ಮುಂದೆ ಹೋಗಿರುತ್ತದೆ.

ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ಮಕ್ಕಳು ಕೇಳಿದರೆಂದು ದೋಣಿಯವರು ಗೂಡುಗಳಿದ್ದ ಮರದ ಬುಡಕ್ಕೇ ಹೋದರು. ಬೇಡ ಎಂದು ಹೇಳಬೇಕಾಗಿದ್ದ ನಾನು ಸುಮ್ಮನಿದ್ದೆ. ದೊಡ್ಡ ಹಕ್ಕಿಗಳು ಎದ್ದು ಹೋದವು, ಗೂಡಲ್ಲಿದ್ದ ಗರಿ ಮೂಡದ ಮರಿಗಳು ಬಿಸಿಲಿಗೆ ಸಿಕ್ಕವು, ಪಕ್ಕದ ಕೊಂಬೆಗೆ ಕಾಗೆಯೊಂದು ಬಂದು ಕೂತಿತು. ನಾವು ಹಿಂದೆ ಸರಿದ ಮೇಲೆ ತಾಯಿ ಹಕ್ಕಿ ಮರಳಿತು, ನಿಜ. ಆದರೆ ಗೂಡು ಕಟ್ಟುವ ಕಾಲದಲ್ಲಿ ಮಕ್ಕಳನ್ನು ದೋಣಿ ಹತ್ತಿಸುವುದನ್ನು ನಾನು ಅಂದಿಗೇ ಬಿಟ್ಟೆ.

ಏರಿಯ ನಡಿಗೆಯಲ್ಲಿ ಯಾರೂ ಕಾಯಬೇಕಾಗಿಲ್ಲ. ಜೌಗಿನ ಜೀವ ಹೆಚ್ಚಾಗಿ ಇರುವುದು ಆಳವಿಲ್ಲದ ಅಂಚಿನಲ್ಲಿ. ಅದು ಚೆನ್ನಾಗಿ ಕಾಣುವುದು ಏರಿಯಿಂದಲೇ. ಕಾಲಿನ ಉದ್ದಕ್ಕೆ ತಕ್ಕ ಹಾಗೆ ಹಕ್ಕಿಗಳು ನೀರನ್ನು ಹಂಚಿಕೊಂಡಿರುತ್ತವೆ. ಗಿಡ್ಡ ಕಾಲಿನವು ಕೆಸರಿನಲ್ಲಿ, ಮೆಟ್ಟುಗಾಲು ಹಕ್ಕಿ ಇನ್ನೊಂದಿಷ್ಟು ಒಳಗೆ, ದೊಡ್ಡ ಕೊಕ್ಕರೆಗಳು ಅದರಾಚೆ. ಮೆಟ್ಟುಗಾಲಿನ ಮಂಡಿ ಹಿಂದಕ್ಕೆ ಮಡಚುತ್ತದೆ ಎಂದು ಒಬ್ಬ ಹುಡುಗ ವಾದಕ್ಕಿಳಿದ. ಅದು ಮಂಡಿಯಲ್ಲ ಮರಿ, ಹಿಮ್ಮಡಿಯ ಗಂಟು; ಮಂಡಿ ಮೇಲೆ ಗರಿಯೊಳಗೆ ಇದೆ ಎಂದೆ. ತಕ್ಷಣ ಅರ್ಧ ತರಗತಿ ತುದಿಗಾಲಲ್ಲಿ ನಡೆಯತೊಡಗಿತು.

ಅಲ್ಲಿನ ಸಿಬ್ಬಂದಿಯ ಅನುಮತಿ ಪಡೆದು ಒಂದು ಹಿಡಿ ಕೆಸರನ್ನು ಬಿಳಿ ತಟ್ಟೆಗೆ ಹಾಕಿ ನೀರು ಬೆರೆಸಿದೆವು. ಎರಡು ನಿಮಿಷಕ್ಕೆ ತಿಳಿಯಾದಾಗ ನೂಲಿನಂಥ ಕೆಂಪು ಹುಳುಗಳು ನುಲಿಯುತ್ತಿದ್ದವು. ಸೊಳ್ಳೆಯಂತೆ ಕಂಡರೂ ಕಚ್ಚದ ಒಂದು ಕೀಟದ ಮರಿಗಳಿವು. ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲೂ ಬದುಕಲು ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇದೆ. ಕೆಂಪು ಬಣ್ಣ ಅದರದ್ದೇ. ಹಕ್ಕಿಗಳು ಅಷ್ಟು ಹೊತ್ತಿನಿಂದ ಕೆಸರು ಕುಕ್ಕುತ್ತಿದ್ದದ್ದು ಯಾತಕ್ಕೆ ಎಂದು ನಾನು ಹೇಳಬೇಕಾಗಲೇ ಇಲ್ಲ.

ನಡಿಗೆಯ ತೊಂದರೆ ಒಂದೇ, ಅದು ಸಣ್ಣದಲ್ಲ. ಸಾಲಿನ ಮುಂದಿನ ಐದು ಮಕ್ಕಳಿಗೆ ಹಕ್ಕಿ ಕಾಣುತ್ತದೆ, ಹಿಂದಿನವರಿಗೆ ಹಾರಿಹೋಗುವ ಹಕ್ಕಿಯ ಬೆನ್ನು ಕಾಣುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮೇಯುತ್ತಿರುವ ವಲಸೆ ಹಕ್ಕಿಗೆ ಹೀಗೆ ಪದೇ ಪದೇ ಎದ್ದು ಹಾರುವುದು ಸುಮ್ಮನೆ ಶಕ್ತಿ ನಷ್ಟ.

ಮೂರನೇ ವರ್ಷ 14 ಮಕ್ಕಳ ಮೂರು ತಂಡ ಮಾಡಿದೆ. ಒಂದು ತಂಡ ಗುಡಿಸಲಲ್ಲಿ, ಒಂದು ಕೆಸರಿನ ತಟ್ಟೆಯ ಹತ್ತಿರ, ಇನ್ನೊಂದು ನೆರಳಲ್ಲಿ ಚಿತ್ರ ಬರೆಯುತ್ತ. 40 ನಿಮಿಷಕ್ಕೊಮ್ಮೆ ಬದಲಿ. ಬೆಳಗಿನ ಬಿಸಿಲು ನಮ್ಮ ಬೆನ್ನ ಹಿಂದಿರುವಂತೆ ಪಡುವಣಕ್ಕೆ ಮುಖ ಮಾಡಿದ ಕಿಂಡಿಗಳನ್ನೇ ಆರಿಸಿಕೊಂಡಿದ್ದೆ. ಇಲ್ಲದಿದ್ದರೆ ಹಕ್ಕಿಗಳೆಲ್ಲ ಕಪ್ಪು ನೆರಳಾಗಿಬಿಡುತ್ತವೆ.

ಮೊದಲ ಹತ್ತು ನಿಮಿಷ ಕಷ್ಟ. ಪಿಸುಮಾತು, ಕಾಲು ಕೆರೆಯುವ ಸದ್ದು, "ಮಿಸ್, ಏನೂ ಇಲ್ಲ." ಆಮೇಲೆ ಒಂದು ಗುಳುಮುಳುಕ ಕಿಂಡಿಯ ಎದುರಿಗೇ ತೇಲಿ ಬಂತು, ಮುಳುಗಿತು. ಒಬ್ಬಳು ಬೆರಳು ಮಡಚುತ್ತ ಎಣಿಸತೊಡಗಿದಳು. ಹನ್ನೆರಡಕ್ಕೆ ಎಡಗಡೆ ಎದ್ದಿತು. ಮುಂದಿನ ಸಲ ಹದಿನೈದು. ಅದರ ಮುಂದಿನ ಸಲ ಎಲ್ಲರೂ ತುಟಿಯಲ್ಲೇ ಎಣಿಸುತ್ತ, ಎಲ್ಲಿ ಏಳುತ್ತದೆ ಎಂದು ಬೆರಳು ತೋರಿಸುತ್ತ ಕೂತಿದ್ದರು. 14 ಮಕ್ಕಳು ಒಂದು ಹಕ್ಕಿಯನ್ನು ಅಷ್ಟು ಹೊತ್ತು ಸದ್ದಿಲ್ಲದೆ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಉಪಕರಣದ ಬಗ್ಗೆ ಎರಡು ಮಾತು. ಮೂರೂ ಕಡೆ ಬೈನಾಕ್ಯುಲರ್ ಕೊಟ್ಟು ನೋಡಿದೆ. ಹತ್ತು ಪಟ್ಟು ಹಿಗ್ಗಿಸುವುದಕ್ಕಿಂತ ಎಂಟು ಪಟ್ಟಿನದ್ದೇ ಮಕ್ಕಳಿಗೆ ವಾಸಿ: ಕೈ ನಡುಕ ಕಡಿಮೆ ಕಾಣುತ್ತದೆ, ನೋಟ ಅಗಲ. ಆದರೂ ಕೆಲವರಿಗೆ "ಕಪ್ಪು ಕಪ್ಪು" ಕಾಣುತ್ತಿತ್ತು. ದೊಡ್ಡವರಿಗೆಂದು ಮಾಡಿದ ಕೊಳವೆಗಳು ಎಷ್ಟು ಮಡಚಿದರೂ ಆ ಮಕ್ಕಳ ಕಣ್ಣುಗಳಷ್ಟು ಹತ್ತಿರ ಬರುತ್ತಿರಲಿಲ್ಲ. ಗುಡಿಸಲಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಒಂದೇ ಒಂದು ಸ್ಪಾಟಿಂಗ್ ಸ್ಕೋಪ್ (ಒಂಟಿ ಕೊಳವೆಯ ದುರ್ಬೀನು) ಇಟ್ಟಾಗ ಆ ಗೋಳು ತಪ್ಪಿತು. ಅದಕ್ಕೆ ಒಂದು ಕಣ್ಣು ಸಾಕು, ಅಲುಗಾಡುವುದಿಲ್ಲ. ಸರದಿ ಬೇಕು, ಅಷ್ಟೇ. ದೋಣಿಯಲ್ಲಿ ಸ್ಕೋಪ್ ಮಾತೇ ಇಲ್ಲ.

ಮೊದಲ ವರ್ಷ ಹೆಸರುಗಳ ಪಟ್ಟಿ ಕೊಟ್ಟು ಟಿಕ್ ಹಾಕಿಸಿದ್ದೆ. ಮೂವತ್ತಕ್ಕೂ ಹೆಚ್ಚು ಟಿಕ್ ಬಿದ್ದಿದ್ದವು, ಮರುದಿನ ಒಂದು ಕೊಕ್ಕನ್ನೂ ಬರೆಯಲು ಯಾರಿಗೂ ಆಗಲಿಲ್ಲ. ಗುಡಿಸಲಿನ ವರ್ಷ ಪಟ್ಟಿಯಿಲ್ಲ. ಒಂದು ಹಕ್ಕಿ ಆರಿಸಿಕೋ, ಹತ್ತು ನಿಮಿಷ ನೋಡು, ಬರಿ ಎಂದೆ. ಒಬ್ಬ ದಡಕ್ಕೆ ಹತ್ತಿದ ನಾಮದ ಕೋಳಿಯ ಕಾಲನ್ನು ಮಾತ್ರ ಹಾಳೆ ತುಂಬ ಬರೆದಿದ್ದ, ಬೆರಳಿನ ಇಕ್ಕೆಲದ ಹಾಳೆಹಾಳೆಯಾದ ಚರ್ಮದ ಸಮೇತ. ಬಾತಿನ ಹಾಗೆ ಒಂದೇ ಜಾಲವಲ್ಲ, ಬೆರಳು ಬೆರಳಿಗೂ ಬೇರೆ ಬೇರೆ ಎಂದು ಅವನೇ ನನಗೆ ತೋರಿಸಿದ.

ಎಂಟು ವರ್ಷದೊಳಗಿನ ಮಕ್ಕಳಾದರೆ ನನ್ನ ಆಯ್ಕೆ ಬೇರೆ: ಏರಿ ಮತ್ತು ಕೆಸರಿನ ತಟ್ಟೆ, ಒಂದು ಗಂಟೆ ಸಾಕು. ಅವರನ್ನು 40 ನಿಮಿಷ ಕಿಂಡಿಗೆ ಕಟ್ಟಿಹಾಕಲು ಆಗದು. ಏಳನೆಯವರಿಗೆ ಈ ವರ್ಷವೂ ಗುಡಿಸಲೇ. ಸರದಿ ಮಾತ್ರ 40ರಿಂದ 50 ನಿಮಿಷಕ್ಕೆ ಏರಿಸುತ್ತಿದ್ದೇನೆ, ಮೊದಲ ಹತ್ತು ನಿಮಿಷ ಹೇಗೂ ಸುಮ್ಮನಾಗುವುದಕ್ಕೇ ಬೇಕು.