ಹದಿನೈದು ದಿನಕ್ಕೆ ಅಂತ ಬಂದವನು, ಮತ್ತು ಆ 3000 ರೂಪಾಯಿ

ಮನೆಗೆ ಬಂದು ಉಳಿದ ನೆಂಟರ ಹತ್ತಿರ ಕರೆಂಟ್ ಬಿಲ್‌ಗೆ ಅಂತ ದುಡ್ಡು ಇಸಿದುಕೊಳ್ಳುವ ಮೊದಲು ಇದನ್ನು ಓದಿ. ಮೈಸೂರಿನ ನಮ್ಮ ಮನೆಯಲ್ಲೇ ನಡೆದದ್ದು.

ನಮ್ಮೆಜಮಾನರ ದೂರದ ಚಿಕ್ಕಪ್ಪನ ಮಗ. ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಸಿಕ್ಕಿದೆ, ರೂಮು ಸಿಗೋವರೆಗೆ ಹದಿನೈದು ದಿನ ಇರ್ತೀನಿ ಅತ್ತಿಗೆ ಅಂದ. ಮಹಡಿ ಮೇಲಿನ ಕೋಣೆ ಖಾಲಿ ಇತ್ತು. ಇರಲಿ ಬಿಡು ಅಂದೆವು. ಬಂದಾಗ ಕೈಯಲ್ಲಿ ಒಂದೇ ಒಂದು ಬ್ಯಾಗು. ಎರಡನೇ ತಿಂಗಳಿಗೆ ಬೀರು ಬಂತು. ಮೂರನೇ ತಿಂಗಳಿಗೆ ಕೋಣೆಗೆ ಅವನದೇ ಬೀಗ. ರೂಮು ನೋಡಿದೆಯಾ ಅಂದರೆ "ನೋಡ್ತಾ ಇದ್ದೀನಿ ಅತ್ತಿಗೆ". ಊಟದ ಹೊತ್ತಿಗೆ ಮಾತ್ರ ಸರಿಯಾಗಿ ಕೆಳಗಿಳಿಯುತ್ತಿದ್ದ. ಅನ್ನ ಸ್ವಲ್ಪ ಮೆತ್ತಗಾದರೆ ಅದನ್ನೂ ಹೇಳುತ್ತಿದ್ದ!

ದಿನಾ ಎರಡು ಹೊತ್ತು ಗೀಸರ್. ಬಿಲ್ ನೋಡಿ ತಡೆಯಲಾಗದೆ, ತಿಂಗಳಿಗೆ ಮೂರು ಸಾವಿರ ಕೊಡಪ್ಪ ಅಂದೆ. ಒಂದನೇ ತಾರೀಖು ಬಂತೋ ಇಲ್ಲವೋ, ಯುಪಿಐನಲ್ಲಿ ಹಾಕಿಬಿಡುತ್ತಿದ್ದ. ಪರವಾಗಿಲ್ಲ, ಹುಡುಗ ನಿಯತ್ತಿನವನು ಅಂದುಕೊಂಡೆ. ಮೊತ್ತದ ಕೆಳಗೆ ಸಣ್ಣ ಅಕ್ಷರದಲ್ಲಿ ಅವನು ಏನು ಬರೆಯುತ್ತಿದ್ದ ಅಂತ ನೋಡಲೇ ಇಲ್ಲ. "ರೂಮ್ ರೆಂಟ್." ನಾಲ್ಕು ತಿಂಗಳೂ ಅದೇ. ಒಂದು ಸಲ ಅದರ ಸ್ಕ್ರೀನ್‌ಶಾಟ್ ವಾಟ್ಸ್‌ಆಪ್‌ನಲ್ಲಿ ಕಳಿಸಿದಾಗ ನಾನು ಹೆಬ್ಬೆರಳು ಬೇರೆ ಒತ್ತಿದ್ದೆ.

ಮಗಳು ಪಿಯುಸಿಗೆ ಬಂದಳು, ಓದಲು ಕೋಣೆ ಬೇಕು, ಬಿಟ್ಟುಕೊಡು ಅಂದಾಗ ಮೊಬೈಲ್ ತೆಗೆದು ತೋರಿಸಿದ. "ನಾನು ಬಾಡಿಗೆ ಕಟ್ಟಿದ್ದೀನಿ ಮೇಡಂ. ಬಾಡಿಗೆದಾರನನ್ನ ಹಾಗೆಲ್ಲ ಎಬ್ಬಿಸೋಕಾಗಲ್ಲ." ಏಳು ತಿಂಗಳು ಅತ್ತಿಗೆ ಆಗಿದ್ದವಳು ಅವತ್ತು ಮೇಡಂ ಆದೆ.

ಸ್ಟೇಷನ್‌ಗೆ ಹೋದೆವು. "ಇದು ಸಿವಿಲ್ ಮ್ಯಾಟರ್ ಅಮ್ಮ, ಕೋರ್ಟಿಗೆ ಹೋಗಿ" ಅಂದರು. ದೂರು ಬರೆದುಕೊಟ್ಟು ಹಿಂಬರಹ, ಅಂದರೆ ದೂರಿಗೆ ಸ್ಟೇಷನ್‌ನವರು ಬರೆದುಕೊಡುವ ಉತ್ತರ, ಇಸಿದುಕೊಂಡು ಬಂದೆವು. ಸುಮ್ನೆ ಒಂದು ಕಾಗದ ಅನ್ನಿಸಿತ್ತು ಆಗ. ಪಕ್ಕದ ಮನೆಯವರು, ಅವನು ಡ್ಯೂಟಿಗೆ ಹೋದಾಗ ಸಾಮಾನು ಹೊರಗೆ ಹಾಕಿ ಬೀಗ ಬದಲಾಯಿಸಿ ಅಂದರು. ನಮ್ಮೆಜಮಾನರು ಬೀಗ ತಂದೇಬಿಟ್ಟರು. ಅದೃಷ್ಟಕ್ಕೆ ಅವತ್ತು ಸಂಜೆ ಲಾಯರ್ ಹತ್ತಿರ ಹೋದೆವು.

ಲಾಯರ್ ಕೇಳಿದ ಮೊದಲ ಪ್ರಶ್ನೆ: "ದುಡ್ಡು ಇಸ್ಕೊಂಡಿದ್ದೀರಾ?" ಆಮೇಲೆ ಬೀಗದ ಮಾತಿಗೆ ಕೈ ಅಡ್ಡ ಹಿಡಿದರು. ಬಾಡಿಗೆದಾರ ಅಂತ ಹೇಳಿಕೊಳ್ಳುವವನನ್ನು ಬಲವಂತವಾಗಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಹಿಡಿದು ಆರು ತಿಂಗಳೊಳಗೆ ಅವನೇ ನಮ್ಮ ಮೇಲೆ ದಾವೆ ಹಾಕಬಹುದಂತೆ. ಮನೆ ನಮ್ಮದು ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಕರೆಂಟು, ನೀರು ಕಟ್ ಮಾಡೋದೂ ಬೇಡ ಅಂದರು.

ಸಮಾಧಾನದ ಮಾತೂ ಇತ್ತು. ನಮ್ಮ ಒಪ್ಪಿಗೆಯಿಂದ ಇರುವವನದು ಕಾನೂನಿನಲ್ಲಿ ಬರೀ ಲೈಸೆನ್ಸ್, ಅಂದರೆ ಅನುಮತಿ. ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಸಾಮಾನು ಸಾಗಿಸಲು ಒಂದಿಷ್ಟು ಟೈಮ್ ಕೊಡಬೇಕು, ಅಷ್ಟೇ. ಗೋವಾದಲ್ಲಿ ಅಕ್ಕನ ಮನೆಯಲ್ಲಿದ್ದ ತಮ್ಮ ಬಿಡದೆ ಕೂತ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತಂತೆ. ನೆಂಟ, ಕಾವಲುಗಾರ, ಆಳು ಯಾರೇ ಆಗಲಿ, ಪುಕ್ಕಟೆ ಇದ್ದವನಿಗೆ ಎಷ್ಟು ವರ್ಷ ಇದ್ದರೂ ಹಕ್ಕು ಹುಟ್ಟಲ್ಲ ಅಂತ 2012ರಲ್ಲಿ ತೀರ್ಪು ಬಂತು. ಕೇಳಿ ಖುಷಿಯಾಯಿತು. "ಆದರೆ ನೀವು ಪುಕ್ಕಟೆ ಇಟ್ಟುಕೊಂಡಿಲ್ಲವಲ್ಲ" ಅಂದರು ಲಾಯರ್.

ಆ ಹೊತ್ತಿಗೆ ನಮ್ಮ ಕೈ ಹಿಡಿದದ್ದು ಹಳೇ ವಾಟ್ಸ್‌ಆಪ್. "ಬಿಲ್ ಜಾಸ್ತಿ ಬರ್ತಿದೆ, ಕರೆಂಟಿಗೆ 3000 ಕೊಡು" ಅಂತ ನಾನು ಬರೆದದ್ದು, "ಸರಿ ಅತ್ತಿಗೆ" ಅಂತ ಅವನು ಬರೆದದ್ದು ಎರಡೂ ಇದ್ದವು. ಫೋನ್ ಬದಲಾಯಿಸುವಾಗ ಅಳಿಸಿಹೋಗಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಇನ್ನು ಮುಂದೆ ಅವನಿಂದ ಒಂದು ರೂಪಾಯಿ ಬಂದರೂ ಅವತ್ತೇ ವಾಪಸ್ ಹಾಕಿ, ಯಾಕೆ ಅಂತಲೂ ಬರೆಯಿರಿ ಅಂದರು ಲಾಯರ್. ಅನುಮತಿ ರದ್ದು, 30 ದಿನದಲ್ಲಿ ಖಾಲಿ ಮಾಡು ಅಂತ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿದರು. ಜೊತೆಗೆ ಆ ಹಿಂಬರಹದ ಜೆರಾಕ್ಸ್. ಹೋಗು ಅಂತ ನಾವು ಯಾವತ್ತು ಹೇಳಿದ್ದೆವು ಅನ್ನುವುದಕ್ಕೆ ಅದೇ ಸಾಕ್ಷಿ. ಬಿಡದಿದ್ದರೆ ತಡಮಾಡದೆ ದಾವೆ ಹಾಕಬೇಕು, ವರ್ಷಗಟ್ಟಲೆ ಸುಮ್ಮನಿದ್ದರೆ ಕೇಸು ಭಾರವಾಗುತ್ತೆ ಅಂತಲೂ ಹೇಳಿದ್ದರು.

ಒಂದೇ ಮನೆ, ಒಂದೇ ಗೇಟು. ಪೋಸ್ಟ್‌ಮ್ಯಾನ್ ಬಂದಾಗ ನಾನು ತರಕಾರಿ ಹೆಚ್ಚುತ್ತಿದ್ದೆ. ಅವನು ನನ್ನ ಮುಂದೆಯೇ ಸಹಿ ಹಾಕಿ ಲಕೋಟೆ ತೆಗೆದುಕೊಂಡು ಮೇಲೆ ಹೋದ. ಆ ಒಂದು ತಿಂಗಳು ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ಅವನೊಬ್ಬನನ್ನು ಬಿಟ್ಟು.

ಇಪ್ಪತ್ತೆಂಟನೇ ದಿನ ಟಾಟಾ ಏಸ್ ತಂದು ಬೀರು ಇಳಿಸಿಕೊಂಡು ಹೋದ. ನಾವು ಬಚಾವಾದೆವು. ಮೂರ್ನಾಲ್ಕು ವರ್ಷ ಕೋರ್ಟು ಅಲೆದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಹೋದ ತಿಂಗಳು ಅವನ ಹೆಸರಿಗೆ ಬ್ಯಾಂಕಿನಿಂದ ಒಂದು ಕಾಗದ ಬಂತು, ನಮ್ಮ ಮನೆ ನಂಬರಿಗೆ. ಮುಂಚೆ ಆಗಿದ್ದರೆ ಪಾಪ ಅಂತ ತೆಗೆದಿಡುತ್ತಿದ್ದೆ. "ಈ ವಿಳಾಸದಲ್ಲಿ ಇಲ್ಲ" ಅಂತ ಬರೆದು, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು, ಪೋಸ್ಟ್‌ಮ್ಯಾನ್ ಕೈಗೇ ವಾಪಸ್ ಕೊಟ್ಟೆ.